ಶ್ರೀನಗರ ವಿಮಾನ ನಿಲ್ದಾಣದಿಂದ ಗುಲ್ಮಾರ್ಗ್‌ಗೆ ಚಳಿಗಾಲದ ಟ್ಯಾಕ್ಸಿ: ದುಡ್ಡು ಕೊಡುವ ಮೊದಲು ಕೊನೆಯ 13 ಕಿಲೋಮೀಟರ್ ಬಗ್ಗೆ ಕೇಳಿ

ಶ್ರೀನಗರ ವಿಮಾನ ನಿಲ್ದಾಣದಿಂದ ಗುಲ್ಮಾರ್ಗ್‌ಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಬೇಸಿಗೆಯಲ್ಲಾದರೆ ಒಂದೂವರೆ-ಎರಡು ತಾಸಿನ ದಾರಿ. ಯಾವ ಗಾಡಿಯಾದರೂ ನಡೆಯುತ್ತದೆ, ವಿಮರ್ಶೆ ಬರೆಯುವಂಥದ್ದೇನೂ ಅದರಲ್ಲಿಲ್ಲ. ಸ್ಕೀ ಮಾಡುವವರು ಬರುವುದು ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ. ಆ ದಿನಗಳಲ್ಲಿ ಇದೇ ದಾರಿ ಎರಡು ತುಂಡಾಗುತ್ತದೆ: ಬೆಟ್ಟದ ಬುಡದ ಊರಾದ ಟಂಗ್‌ಮಾರ್ಗ್‌ವರೆಗಿನದು ಒಂದು, ಅಲ್ಲಿಂದ ಮೇಲೆ ಹತ್ತುವ 13 ಕಿಲೋಮೀಟರ್ ಇನ್ನೊಂದು. ಗಾಡಿ ಗೊತ್ತು ಮಾಡುವಾಗ ಹೆಚ್ಚಿನವರು ಮೊದಲ ತುಂಡಿನ ದರಕ್ಕಷ್ಟೇ ಚೌಕಾಸಿ ಮಾಡಿ ಗೆದ್ದೆವು ಅಂದುಕೊಳ್ಳುತ್ತಾರೆ. ದುಡ್ಡು, ಹೊತ್ತು, ತಾಳ್ಮೆ ಮೂರೂ ಖರ್ಚಾಗುವುದು ಎರಡನೆಯದರಲ್ಲಿ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು ಮೈಸೂರಿನ ಫ್ಲೈ ಬಸ್ ಹತ್ತಿದಷ್ಟು ಸಲೀಸಾಗಿ ಇಲ್ಲಿ ಕೆಲಸ ಆಗುವುದಿಲ್ಲ. ಜಿನೀವಾದಲ್ಲಿ ಇಳಿದವರಿಗೆ ಫ್ರಾನ್ಸಿನ ಸ್ಕೀ ಊರಾದ ಶಮೊನಿಯ ಹೋಟೆಲ್ ಬಾಗಿಲಿಗೇ ಬಿಡುವ, ಸೀಟಿನ ಲೆಕ್ಕದಲ್ಲಿ ಮುಂಗಡ ಕಾಯ್ದಿರಿಸುವ ವ್ಯಾನುಗಳಿವೆ. ಯುರೋಪಿನಲ್ಲೋ ಅಮೆರಿಕದಲ್ಲೋ ಸ್ಕೀ ಮಾಡಿ ರೂಢಿಯಿರುವ ಕನ್ನಡಿಗರು ಗುಲ್ಮಾರ್ಗ್‌ನಲ್ಲೂ ಅಂಥ ಶಟಲ್ ಹುಡುಕುತ್ತಾರೆ. ಇಲ್ಲಿ ಶಟಲ್ ಅಂದರೆ ಇಡೀ ಗಾಡಿ ಹಿಡಿಯುವುದು, ಇಲ್ಲವೇ ಸುಮೋದಲ್ಲಿ ಸೀಟು ಹಂಚಿಕೊಳ್ಳುವುದು. ಆಯ್ಕೆಗಳು ನಾಲ್ಕೇ. ಅವುಗಳ ಗುಣದೋಷ ನೋಡುವ ಮುನ್ನ ದಾರಿಯ ಪರಿಚಯ ಬೇಕು.

ವಿಮಾನ ನಿಲ್ದಾಣ ಇರುವುದು ಬಡಗಾಮ್ ಜಿಲ್ಲೆಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 1,650 ಮೀಟರ್ ಮೇಲೆ. ಗಾಡಿಗಳು ಹಮ್‌ಹಾಮಾ ದಾಟಿ ಬೈಪಾಸ್ ಹಿಡಿದು, ಬಾರಾಮುಲ್ಲಾ ಹೆದ್ದಾರಿಯಲ್ಲಿ ನಾರಬಲ್‌ವರೆಗೆ ಹೋಗಿ ಎಡಕ್ಕೆ ಹೊರಳುತ್ತವೆ. ಮುಂದೆ ಮಾಗಾಮ್, ಕುಂಜರ್, ಟಂಗ್‌ಮಾರ್ಗ್. ಬಡಗಾಮ್ ಊರಿನ ಒಳಗಿಂದಲೇ ಮಾಗಾಮ್ ಸೇರುವ ದಾರಿಯೂ ಉಂಟು, ಚಾಲಕರು ಟ್ರಾಫಿಕ್ ನೋಡಿ ಆರಿಸಿಕೊಳ್ಳುತ್ತಾರೆ. ಟಂಗ್‌ಮಾರ್ಗ್‌ವರೆಗೆ ರಸ್ತೆ ಹೆಚ್ಚುಕಡಿಮೆ ಸಪಾಟು. ಗದ್ದೆ, ಸೇಬಿನ ತೋಟ, ಪಾಪ್ಲರ್ ಮರಗಳ ಸಾಲು. ಟಂಗ್‌ಮಾರ್ಗ್ ದಾಟಿದ ಕೂಡಲೇ ದೇವದಾರು-ಪೈನ್ ಕಾಡು, ತಿರುವಿನ ಮೇಲೆ ತಿರುವು. 13 ಕಿಲೋಮೀಟರಿನಲ್ಲಿ ಸುಮಾರು ಐನೂರು ಮೀಟರ್ ಏರಿ, 2,650 ಮೀಟರಿನ ಗುಲ್ಮಾರ್ಗ್ ಬಟ್ಟಲಿಗೆ ಇಳಿಯಬೇಕು. ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ತಿರುವುಗಳೇನೂ ಹೊಸದಲ್ಲ. ಆದರೆ ಆಗುಂಬೆಯಲ್ಲಿ ಮಳೆನೀರು ಹರಿದುಹೋಗುತ್ತದೆ. ಇಲ್ಲಿ ಮಧ್ಯಾಹ್ನ ಕರಗಿದ ಹಿಮದ ನೀರು ರಸ್ತೆಗೆ ಅಡ್ಡ ಹರಿದು, ಸಂಜೆ ಅಲ್ಲೇ ಗಾಜಾಗಿ ಕೂರುತ್ತದೆ. ಡಾಂಬರಿನ ಬಣ್ಣವೇ ಕಾಣುವುದರಿಂದ ಅದು ಮಂಜುಗಡ್ಡೆ ಎಂದು ಗೊತ್ತಾಗುವುದು ಚಕ್ರ ಜಾರಿದ ಮೇಲೆ.

ಹಿಮ ಬಿದ್ದ ದಿನ ಟಂಗ್‌ಮಾರ್ಗ್‌ನಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ನೋಡುತ್ತಾರೆ. ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಆಗಿರಬೇಕು, ಇಲ್ಲವೇ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಚೈನ್ ಇರಬೇಕು. ಎರಡೂ ಇಲ್ಲದಿದ್ದರೆ ಅಲ್ಲೇ ಇಳಿದು, ಟಂಗ್‌ಮಾರ್ಗ್‌ನ ಚೈನ್ ಹಾಕಿದ ಸುಮೋವನ್ನೋ ಬೊಲೆರೋವನ್ನೋ ಬೇರೆ ದುಡ್ಡು ಕೊಟ್ಟು ಹಿಡಿಯಬೇಕು. ಒಣ ದಿನಗಳಲ್ಲಿ ಈ ಗೊಡವೆಯಿಲ್ಲ, ಶ್ರೀನಗರದ ಡಿಜೈರ್ ಕೂಡ ಸೀದಾ ಮೇಲೆ ಹೋಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವೇ ಇಲ್ಲದೆ ಕಂದು ಹುಲ್ಲಿನ ಬಯಲಾಗಿತ್ತು. ಅಂಥ ವಾರದಲ್ಲೂ ಚೈನ್ ಗಾಡಿಗೆಂದು ಮುಂಗಡ ಕೊಟ್ಟರೆ ಅದು ನೀರಿನಲ್ಲಿ ಹೋಮ. ಹಾಗಾಗಿ ಮಾತು ಹೀಗಿರಬೇಕು: ಚೈನ್ ಬೇಕಾದ ದಿನ ಮಾತ್ರ ಚೈನಿನ ದುಡ್ಡು, ಮತ್ತು ಅದು ಎಷ್ಟು ಎಂಬುದು ಇವತ್ತೇ ಗೊತ್ತಾಗಬೇಕು.

ನಾಲ್ಕು ಆಯ್ಕೆಗಳು

ಮೊದಲನೆಯದು ನಿಲ್ದಾಣದ ಪ್ರೀಪೇಯ್ಡ್ ಟ್ಯಾಕ್ಸಿ ಕೌಂಟರ್. ಸಣ್ಣ ಕಾರಿಗೊಂದು, ಇನೋವಾ-ಜೈಲೋ ಥರದ ದೊಡ್ಡ ಗಾಡಿಗೊಂದು ದರ, ಊರಿನ ಹೆಸರಿನ ಮುಂದೆ ಬರೆದಿರುತ್ತದೆ. ಚೌಕಾಸಿಯ ತಲೆನೋವಿಲ್ಲ. ಆ ದರ ಒಂದು ಕಡೆಯ ಡ್ರಾಪ್‌ಗೆ. ಚಾಲಕ ಖಾಲಿ ವಾಪಸ್ ಬರುವ ಖರ್ಚು ಅದರಲ್ಲೇ ಸೇರಿರುತ್ತದೆ, ದಾರಿಯಲ್ಲಿ ಕಾಯುವುದು ಸೇರಿರುವುದಿಲ್ಲ. ಚೀಟಿಯನ್ನು ಇಳಿಯುವ ಜಾಗ ತಲುಪುವವರೆಗೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಒಣ ದಿನಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎನ್ನಬಹುದು. ಹಿಮದ ದಿನ ಮಾತ್ರ ಹುಷಾರು, ಸರದಿಯಲ್ಲಿ ಮುಂದಿರುವ ಗಾಡಿಯೇ ನಿಮ್ಮ ಪಾಲಿಗೆ ಬರುತ್ತದೆ. ಅದರ ಡಿಕ್ಕಿಯಲ್ಲಿ ಚೈನ್ ಇದೆಯೋ ಇಲ್ಲವೋ ಎಂಬುದು ಕೌಂಟರಿನಲ್ಲಿ ಕೂತವರ ತಲೆನೋವಲ್ಲ. ಚೀಟಿಯಲ್ಲಿ ಗುಲ್ಮಾರ್ಗ್ ಎಂದಿದ್ದರೂ ಗಾಡಿ ಟಂಗ್‌ಮಾರ್ಗ್‌ನಲ್ಲೇ ನಿಲ್ಲಬಹುದು. ದುಡ್ಡು ಕಟ್ಟಿ, ಗಾಡಿಯ ಡಿಕ್ಕಿ ತೆಗೆಸಿ ಚೈನ್ ಕಣ್ಣಾರೆ ನೋಡಿ, ಆಮೇಲೆ ಸಾಮಾನು ತುಂಬಿ. ಸಾಮಾನು ತುಂಬಿದ ಮೇಲೆ ಡಿಕ್ಕಿಯ ತಳ ನೋಡಲು ಯಾರೂ ಒಪ್ಪುವುದಿಲ್ಲ.

ಎರಡನೆಯದು ಹೋಟೆಲಿನವರೇ ಕಳಿಸುವ ಗಾಡಿ. ದುಬಾರಿ. ಆದರೆ ಹಿಮ ಸುರಿಯುವ ದಿನ ಕೊಟ್ಟ ದುಡ್ಡಿಗೆ ನ್ಯಾಯ ಸಿಗುವುದು ಇದರಲ್ಲೇ. ಮೇಲಿನ ಊರಿನ ಚಾಲಕನಿಗೆ ಯಾವ ತಿರುವಿನಲ್ಲಿ ಬಿಸಿಲು ಬೀಳುವುದಿಲ್ಲ, ಎಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂಬುದು ಅಂಗೈ ಗೆರೆಯಷ್ಟು ಗೊತ್ತಿರುತ್ತದೆ. ಇಲ್ಲಿ ಗಮನಿಸಬೇಕಾದ ಕೊಕ್ಕೆ ‘ಉಚಿತ ಪಿಕಪ್’ ಎಂಬ ಪದ. ಕೆಲವು ಹೋಟೆಲುಗಳ ಪಿಕಪ್ ಶುರುವಾಗುವುದು ಟಂಗ್‌ಮಾರ್ಗ್‌ನಿಂದ, ವಿಮಾನ ನಿಲ್ದಾಣದಿಂದಲ್ಲ. ಹಾಗಿದ್ದರೂ ತಪ್ಪೇನಿಲ್ಲ, ಕೆಳಗಿನ ದಾರಿಗೆ ಪ್ರೀಪೇಯ್ಡ್, ಮೇಲಿನದಕ್ಕೆ ಹೋಟೆಲಿನ ಗಾಡಿ ಎಂದು ಜೋಡಿಸಿಕೊಂಡರೆ ಅದೇ ಅತ್ಯುತ್ತಮ. ಟಂಗ್‌ಮಾರ್ಗ್‌ನಲ್ಲಿ ಎಲ್ಲಿ ಕಾಯುತ್ತಾರೆ, ಗಾಡಿ ನಂಬರ್ ಏನು, ಚಾಲಕನ ಫೋನ್ ಯಾವುದು, ಇಷ್ಟನ್ನು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ತರಿಸಿಕೊಳ್ಳಿ.

ಮೂರನೆಯದು ಪ್ಯಾಕೇಜಿನ ಗಾಡಿ. ಕರ್ನಾಟಕದಿಂದ ಹೋಗುವ ಕುಟುಂಬಗಳು ಹೆಚ್ಚಾಗಿ ಬರುವುದು ಹೀಗೇ. ದಾಲ್ ಸರೋವರ, ಪಹಲ್ಗಾಮ್, ಗುಲ್ಮಾರ್ಗ್ ಎಲ್ಲಕ್ಕೂ ಒಂದೇ ಗಾಡಿ, ಒಬ್ಬನೇ ಚಾಲಕ. ನಾಲ್ಕೈದು ದಿನ ಜೊತೆಗಿದ್ದು ಮನೆಯವನಂತಾಗುತ್ತಾನೆ, ಮಕ್ಕಳಿಗೆ ‘ಭಯ್ಯಾ’ ಆಗುತ್ತಾನೆ. ಪ್ಯಾಕೇಜ್ ಕಾಗದದ ಕೊನೆಯಲ್ಲಿ ಮಾತ್ರ ‘ಸೇರಿಲ್ಲದವು’ ಎಂಬ ಪಟ್ಟಿ ಇರುತ್ತದೆ. ಕುದುರೆ, ಗೊಂಡೋಲಾ ಎಂಬ ಕೇಬಲ್ ಕಾರಿನ ಟಿಕೆಟ್ ಇವುಗಳ ಸಾಲಿನಲ್ಲೇ ಚೈನ್ ಗಾಡಿ, ಅಲ್ಲಿನ ಟ್ಯಾಕ್ಸಿ ಯೂನಿಯನ್ನಿನ ಗಾಡಿಗಳ ಖರ್ಚೂ ಕೂತಿರುತ್ತದೆ. ಅದನ್ನು ಓದದೆ ಟಂಗ್‌ಮಾರ್ಗ್‌ನಲ್ಲಿ ಆ ಭಯ್ಯಾನ ಮೇಲೆ ಕೂಗಾಡುವುದು ಅನ್ಯಾಯ. ಅವನ ಕೈಯಲ್ಲಿ ಏನೂ ಇಲ್ಲ, ಪೊಲೀಸರು ಬಿಡದಿದ್ದರೆ ಅವನೂ ಅಲ್ಲೇ ಕಾಯಬೇಕು. ಗುಲ್ಮಾರ್ಗ್‌ನಲ್ಲಿ ಎರಡು ರಾತ್ರಿಗಿಂತ ಹೆಚ್ಚು ಉಳಿಯುವ ಸ್ಕೀಯರ್‌ಗಳಿಗೆ ಈ ವ್ಯವಸ್ಥೆ ದಂಡ. ಮೇಲೆ ನಿಮಗೆ ಕಾರಿನ ಕೆಲಸವೇ ಇಲ್ಲ, ಆದರೂ ನಿಂತ ಗಾಡಿಗೆ ದಿನಬಾಡಿಗೆ ಓಡುತ್ತಿರುತ್ತದೆ.

ನಾಲ್ಕನೆಯದು ಶೇರಿಂಗ್ ಸುಮೋ. ನಿಲ್ದಾಣದಿಂದ ನೇರ ಸಿಗುವುದಿಲ್ಲ. ಊರೊಳಗೆ ಹೋಗಿ, ಬಟಮಾಲೂ-ಪಾರಿಂಪೋರಾ ಕಡೆಯ ಸ್ಟ್ಯಾಂಡಿನಲ್ಲಿ ಟಂಗ್‌ಮಾರ್ಗ್ ಗಾಡಿ ಹತ್ತಬೇಕು. ಸೀಟು ತುಂಬಿದಾಗ ಹೊರಡುತ್ತದೆ. ಟಂಗ್‌ಮಾರ್ಗ್‌ನಲ್ಲಿ ಇಳಿದು ಗುಲ್ಮಾರ್ಗ್‌ಗೆ ಇನ್ನೊಂದು. ಖರ್ಚು ಪೂರ್ತಿ ಟ್ಯಾಕ್ಸಿಯ ಸಣ್ಣ ಪಾಲು. ಬೆನ್ನಿಗೊಂದು ಚೀಲ, ಹಿಂದಿ ಬರುವ ಬಾಯಿ, ಕೈಯಲ್ಲಿ ಅರ್ಧ ದಿನ ಇರುವ ಹುಡುಗರಿಗೆ ಧಾರಾಳವಾಗಿ ಸಾಕು. ಸೂಟ್‌ಕೇಸ್ ಇದ್ದವರಿಗೆ, ವಯಸ್ಸಾದವರಿಗೆ ಬೇಡ. ಜಮ್ಮು-ಕಾಶ್ಮೀರ ಸಾರಿಗೆ ನಿಗಮ ಪ್ರವಾಸಿ ಸ್ವಾಗತ ಕೇಂದ್ರದಿಂದ ಗುಲ್ಮಾರ್ಗ್‌ಗೆ ಬಿಡುವ ಬಸ್ಸು ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ. ವಿಮಾನದ ವೇಳೆಗೂ ಅದಕ್ಕೂ ಸಂಬಂಧವಿಲ್ಲ. ಆ್ಯಪ್ ಟ್ಯಾಕ್ಸಿ ನೆಚ್ಚಿಕೊಂಡು ಇಳಿಯುವುದಂತೂ ಬೇಡವೇ ಬೇಡ.

ಚೈನ್ ಎಂದರೆ ಏನು, ಹೇಗೆ ಹಾಕಬೇಕು

ಚೈನಿನ ವಿಷಯದಲ್ಲಿ ಮೋಸವೂ ಇದೆ, ಮೋಸವಲ್ಲದ್ದನ್ನು ಮೋಸ ಎಂದುಕೊಳ್ಳುವುದೂ ಇದೆ. ಸ್ವಲ್ಪ ತಿಳಿದಿದ್ದರೆ ಎರಡೂ ತಪ್ಪುತ್ತದೆ.

ನೋಡಲು ಕಬ್ಬಿಣದ ಏಣಿಯಂತೆ. ಎರಡು ಉದ್ದ ಸರಪಳಿ, ನಡುವೆ ಅಡ್ಡ ಮೆಟ್ಟಿಲುಗಳು. ಉದ್ದದವು ಟೈರಿನ ಒಳಬದಿ, ಹೊರಬದಿ ಸುತ್ತುತ್ತವೆ. ಅಡ್ಡದವು ಟೈರಿನ ಮೈಮೇಲೆ ಕೂತು ಹಿಮವನ್ನು ಕಚ್ಚುತ್ತವೆ. ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೋ ಅದಕ್ಕೇ ಹಾಕಬೇಕು. ಡಿಜೈರ್, ಎಟಿಯೋಸ್, ಇನೋವಾ ಹೈಕ್ರಾಸ್‌ಗೆ ಮುಂದಿನ ಚಕ್ರ. ಸುಮೋ, ಜೈಲೋ, ಬೊಲೆರೋ, ಇನೋವಾ ಕ್ರಿಸ್ಟಾಗೆ ಹಿಂದಿನದು. ಗಡಿಬಿಡಿಯಲ್ಲಿ ತಪ್ಪು ಚಕ್ರಕ್ಕೆ ಬಿಗಿದರೆ ಪೊಲೀಸರ ಕಣ್ಣಿಗೆ ಚೈನ್ ಇದೆ, ರಸ್ತೆಯ ಮಟ್ಟಿಗೆ ಇಲ್ಲ.

ಹಾಕುವ ಕ್ರಮ ಹೀಗೆ. ಚೈನನ್ನು ಗಂಟಿಲ್ಲದಂತೆ ಬಿಡಿಸಿ ಟೈರಿನ ಮೇಲೆ ಹೊದಿಸುತ್ತಾರೆ, ಇಲ್ಲವೇ ನೆಲಕ್ಕೆ ಹಾಸಿ ಅದರ ಮೇಲೆ ಗಾಡಿಯನ್ನು ಅರ್ಧ ಸುತ್ತು ಚಲಾಯಿಸುತ್ತಾರೆ. ಕೊಕ್ಕೆಯ ಚೂಪು ತುದಿ ಟೈರಿಗೆ ತಾಗದಂತೆ ಹೊರಮುಖವಾಗಿರಬೇಕು. ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು, ಕೊನೆಗೆ ಬಿಗಿತ. ಮಿಕ್ಕ ತುಂಡು ಸರಪಳಿ ನೇತಾಡದಂತೆ ತಂತಿಯಲ್ಲೋ ಹಗ್ಗದಲ್ಲೋ ಕಟ್ಟಬೇಕು. ಪಳಗಿದ ಕೈಗಳಿಗೆ ಹತ್ತು-ಹದಿನೈದು ನಿಮಿಷದ ಕೆಲಸ. ಮುಖ್ಯವಾದ ಹೆಜ್ಜೆ ಇನ್ನೂ ಬಾಕಿ: ನೂರು ಮೀಟರ್ ಹೋಗಿ, ಇಳಿದು, ಮತ್ತೆ ಬಿಗಿಯಬೇಕು. ಚಕ್ರ ನಾಲ್ಕು ಸುತ್ತು ತಿರುಗಿದ ಮೇಲೆ ಚೈನ್ ತನ್ನ ಜಾಗ ಹುಡುಕಿಕೊಂಡು ಸಡಿಲಾಗಿರುತ್ತದೆ. ಈ ಎರಡನೇ ಬಿಗಿತವನ್ನು ಹಾರಿಸಿದ ಗಾಡಿಯೊಳಗೆ ಕೂತವರಿಗೆ ಮಡ್‌ಗಾರ್ಡಿನ ಒಳಗೆ ಟಪ್ ಟಪ್ ಎಂದು ಬಡಿಯುವ ಸದ್ದು ಕೇಳುತ್ತದೆ. ಕೇಳಿದ ಕೂಡಲೇ ನಿಲ್ಲಿಸಲು ಹೇಳಿ. ಬಡಿಯುವ ಸರಪಳಿಯ ಅಕ್ಕಪಕ್ಕದಲ್ಲೇ ಬ್ರೇಕಿನ ಪೈಪ್ ಹಾದುಹೋಗಿರುತ್ತದೆ.

ಇನ್ನು ಮೋಸವಲ್ಲದ್ದು. ಚೈನಿಗೆಂದು ದುಡ್ಡು ಕೊಟ್ಟಿರುತ್ತೀರಿ, ಚಾಲಕ ಹಾಕದೆ ಮೂರು-ನಾಲ್ಕು ಕಿಲೋಮೀಟರ್ ಹತ್ತಿಬಿಡುತ್ತಾನೆ. ಸಿಟ್ಟಾಗಬೇಡಿ. ಬರೀ ಡಾಂಬರಿನ ಮೇಲೆ ಓಡಿಸಿದರೆ ಚೈನಿನ ಕೊಂಡಿ ಸವೆದು ತುಂಡಾಗುತ್ತದೆ, ಟೈರೂ ಹಾಳು, ಬ್ರೇಕ್ ಹಿಡಿತವೂ ಕಡಿಮೆ. ಹಿಮ ಶುರುವಾಗುವ ಜಾಗದಲ್ಲಿ ನಿಲ್ಲಿಸಿ ಹಾಕುವುದೇ ಸರಿ. ಹಾಕಿದ ಮೇಲೆ ವೇಗ ನಲವತ್ತು ದಾಟಬಾರದು, ಆ ತಿರುವುಗಳಲ್ಲಿ ದಾಟುವುದೂ ಇಲ್ಲ.

ಫೋರ್ ಬೈ ಫೋರ್ ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬಬೇಡಿ. ಥಾರ್ ಆದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುವುದಿಲ್ಲ, ಹಿಂಬದಿ ಚಕ್ರ ಮಾತ್ರ ಎಳೆಯುವ ಥಾರ್ 2023ರಿಂದ ಮಾರುಕಟ್ಟೆಯಲ್ಲಿದೆ. ಸ್ಕಾರ್ಪಿಯೋದಲ್ಲೂ ಎರಡು ಬಗೆ. ಗೇರಿನ ಪಕ್ಕ ಇನ್ನೊಂದು ಪುಟ್ಟ ಲಿವರ್ ಅಥವಾ ತಿರುಗಿಸುವ ಗುಂಡಿ ಇದೆಯೇ ನೋಡಿ. ಅದಕ್ಕಿಂತ ಮೊದಲು ಟೈರ್ ನೋಡಿ. ನಾಲ್ಕು ಚಕ್ರ ಎಳೆಯುವುದು ಏರಲು ಸಹಾಯ, ನಿಲ್ಲಲು ಅಲ್ಲ. ಇಳಿಜಾರಿನ ಮಂಜುಗಡ್ಡೆಯಲ್ಲಿ ಬೋಳು ಟೈರಿನ ಫೋರ್ ಬೈ ಫೋರ್‌ಗಿಂತ ಒಳ್ಳೆಯ ಚೈನ್ ಹಾಕಿದ ಹಳೇ ಸುಮೋ ವಾಸಿ. ಹಿಂದಿನ ಚಕ್ರಕ್ಕೆ ಮಾತ್ರ ಚೈನ್ ಇರುವ ಗಾಡಿ ಇಳಿಯುವಾಗ ಒಂದು ತೊಂದರೆ ಇದೆ. ಸ್ಟೀರಿಂಗ್ ತಿರುಗಿಸಿದರೂ ಮುಂದಿನ ಚಕ್ರ ಸೀದಾ ಜಾರಬಹುದು. ಒಳ್ಳೆಯ ಚಾಲಕ ಇಳಿಜಾರಿಗೆ ಮೊದಲೇ ಒಂದನೇ ಗೇರಿಗೆ ಬಂದು, ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಸುತ್ತಾನೆ. ನ್ಯೂಟ್ರಲ್‌ನಲ್ಲಿ ಬಿಡುವವನ ಗಾಡಿಯಿಂದ ಇಳಿದುಬಿಡಿ, ಮುಲಾಜು ಬೇಡ.

ಎಷ್ಟು ಹೊತ್ತಿಗೆ ಇಳಿದರೆ ಯಾವಾಗ ತಲುಪುತ್ತೀರಿ

ವಿಮಾನ ನೆಲ ಮುಟ್ಟಿ, ಸಾಮಾನು ಬಂದು, ಗಾಡಿ ಹೊರಡಲು ಮುಕ್ಕಾಲು ಗಂಟೆ ಹಿಡಿಯಿರಿ. ವಿದೇಶಿ ಪಾಸ್‌ಪೋರ್ಟ್ ಇರುವವರು ನಿಲ್ದಾಣದಲ್ಲೇ ಹೆಸರು ನೋಂದಾಯಿಸಬೇಕು, ಅದಕ್ಕೆ ಇನ್ನಷ್ಟು. ಟಂಗ್‌ಮಾರ್ಗ್‌ವರೆಗೆ ಚಳಿಗಾಲದಲ್ಲಿ ಒಂದೂವರೆ-ಎರಡು ಗಂಟೆ. ಗಾಡಿ ಬದಲಿಸಲು ಅರ್ಧ. ಮೇಲೆ ಹತ್ತಲು ಒಳ್ಳೆಯ ದಿನ ಮುಕ್ಕಾಲು ಗಂಟೆ, ಕೆಟ್ಟ ದಿನ ಎರಡು. ಒಟ್ಟು ನಾಲ್ಕು ಗಂಟೆ ಎಂದು ಲೆಕ್ಕ ಹಾಕಿದರೆ ಹೆಚ್ಚು ತಪ್ಪುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಐದೂವರೆಯ ಆಸುಪಾಸಿನಲ್ಲಿ ಮುಳುಗುತ್ತಾನೆ, ರಸ್ತೆ ಗಾಜಾಗುವುದು ಅದರ ಹಿಂದೆಯೇ. ಆದ್ದರಿಂದ ಹಿಮವಿರುವ ವಾರದಲ್ಲಿ ಮಧ್ಯಾಹ್ನ ಎರಡರ ನಂತರ ಇಳಿಯುವವರು ಆ ರಾತ್ರಿ ಶ್ರೀನಗರದಲ್ಲೇ ಉಳಿಯುವುದು ಕ್ಷೇಮ. ಗುಲ್ಮಾರ್ಗ್ ಹೋಟೆಲಿನ ಒಂದು ರಾತ್ರಿಯ ಬಾಡಿಗೆ ಹೋದೀತೆಂದು ಕತ್ತಲಲ್ಲಿ ಹತ್ತುವವರಿದ್ದಾರೆ. ಬುಕ್ ಮಾಡುವಾಗಲೇ ಒಂದು ರಾತ್ರಿ ಕಡಿಮೆ ಮಾಡಿದ್ದರೆ ಆ ಸಂಕಟ ಇರುತ್ತಿರಲಿಲ್ಲ.

ದಿನದಲ್ಲೂ ಎಲ್ಲ ಹೊತ್ತು ಒಂದೇ ಅಲ್ಲ. ಶ್ರೀನಗರದಿಂದ ಒಂದು ದಿನದ ಮಟ್ಟಿಗೆ ಬರುವ ಗಾಡಿಗಳೆಲ್ಲ ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಟಂಗ್‌ಮಾರ್ಗ್‌ನಲ್ಲಿ ಗುಂಪಾಗುತ್ತವೆ, ಸಂಜೆ ನಾಲ್ಕರ ನಂತರ ಒಟ್ಟಿಗೇ ಇಳಿಯುತ್ತವೆ. ಮೇಲೆ ಉಳಿಯುವವರಿಗೆ ಮಧ್ಯಾಹ್ನ ಒಂದರಿಂದ ಮೂರು ಚಿನ್ನದಂಥ ಹೊತ್ತು, ಬಿಸಿಲಿಗೆ ರಸ್ತೆಯ ಮಂಜುಗಡ್ಡೆ ಸಡಿಲಾಗಿರುತ್ತದೆ, ಎದುರಿಗೆ ಸಾಲೂ ಇರುವುದಿಲ್ಲ. ಬೆಳಗ್ಗೆ ಹತ್ತು-ಹನ್ನೊಂದಕ್ಕೆ ಇಳಿಯುವ ವಿಮಾನ ಇದಕ್ಕೆ ಸರಿಹೊಂದುತ್ತದೆ. ಕ್ರಿಸ್ಮಸ್‌ನಿಂದ ಹೊಸವರ್ಷದವರೆಗಿನ ವಾರಕ್ಕೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ, ಚಳಿಯ ಉಗ್ರ ಪರ್ವ. ಮಂಜು, ಹಿಮ ಎರಡೂ ವಿಮಾನಗಳನ್ನು ಸತಾಯಿಸುವ ದಿನಗಳು ಇವೇ. ಫೆಬ್ರವರಿಯಲ್ಲಿ ಹಿಮವೂ ಇರುತ್ತದೆ, ಹಗಲೂ ಕೊಂಚ ಉದ್ದ. ಗಾಡಿಯ ದೃಷ್ಟಿಯಿಂದ ಅದೇ ಒಳ್ಳೆಯ ತಿಂಗಳು.

ಫೋನಿನ ವಿಷಯ ಹೇಳಲೇಬೇಕು, ಇದೊಂದರಿಂದಲೇ ಅರ್ಧ ಪಿಕಪ್‌ಗಳು ತಪ್ಪುತ್ತವೆ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಮಾತ್ರ. ಗುಂಪಿನಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ, ಚಾಲಕನಿಗೆ ಆ ನಂಬರನ್ನೇ ಕೊಡಿ. ಯುಪಿಐ ಕೂಡ ಅದರ ಮೇಲೇ ನಿಂತಿದೆ, ಟಂಗ್‌ಮಾರ್ಗ್‌ನ ಖರ್ಚಿಗೆ ನಗದು ಜೇಬಿನಲ್ಲಿರಲಿ. ಚಾಲಕನಿಗೆ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಈ ಮೂರು ಪ್ರಶ್ನೆ ಕಳಿಸಿ, ಉತ್ತರವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ: ಗಾಡಿ ಹೋಟೆಲ್ ತಕ್ ಜಾಯೇಗಿ ಯಾ ಟಂಗ್‌ಮಾರ್ಗ್ ತಕ್? ಚೈನ್ ಆಪ್ಕೇ ಪಾಸ್ ಹೈ? ಬರಫ್ ಹುಯೀ ತೋ ಟೋಟಲ್ ಕಿತನಾ? (ಗಾಡಿ ಹೋಟೆಲ್‌ವರೆಗೆ ಹೋಗುತ್ತದೋ ಟಂಗ್‌ಮಾರ್ಗ್‌ವರೆಗೋ? ಚೈನ್ ನಿಮ್ಮ ಹತ್ತಿರ ಇದೆಯೇ? ಹಿಮ ಬಿದ್ದರೆ ಒಟ್ಟು ಎಷ್ಟು?) ಹಿಂದಿ ತಪ್ಪಾದರೂ ಅಡ್ಡಿಯಿಲ್ಲ, ಪ್ರಶ್ನೆ ತಪ್ಪಬಾರದು.

ಸ್ಕೀ ಚೀಲ, ಬೂಟು, ಕೊನೆಯ ಒಂದು ಕಿಲೋಮೀಟರ್

ಮೊದಲ ಸಲ ಸ್ಕೀ ಕಲಿಯುವವರು ಸಲಕರಣೆ ಹೊತ್ತೊಯ್ಯಬೇಕಿಲ್ಲ. ಗುಲ್ಮಾರ್ಗ್‌ನಲ್ಲೇ ಸ್ಕೀ, ಬೂಟು, ಕೋಲು ಬಾಡಿಗೆಗೆ ಸಿಗುತ್ತವೆ. ಸ್ವಂತದ್ದು ತರುವವರು ಉದ್ದ ಅಳೆಯಿರಿ. 180 ಸೆಂಟಿಮೀಟರಿನ ಚೀಲ ಡಿಜೈರ್‌ನ ಡಿಕ್ಕಿಗೆ ಹೋಗುವುದಿಲ್ಲ, ಒಳಗೆ ಓರೆಯಾಗಿ ತೂರಿಸಿದರೆ ಒಬ್ಬರ ಸೀಟು ಹೋಯಿತು. ಇನೋವಾದಲ್ಲಿ ಒಂದು ಪಕ್ಕದ ಸೀಟುಗಳನ್ನು ಮಡಚಿದರೆ ಮೂವರು ಮತ್ತು ಅವರ ಸ್ಕೀಗಳು ಆರಾಮ. ನಾಲ್ಕನೆಯವರು ಬಂದರೆ ಚೀಲ ಮಾಡಿನ ಕ್ಯಾರಿಯರಿಗೆ. ಆಗ ಪ್ಲಾಸ್ಟಿಕ್ ಹೊದಿಕೆ, ಎರಡು ಕಡೆ ಹಗ್ಗ ಕೇಳಿ ಕಟ್ಟಿಸಿ. ಮಾಡಿನ ಮೇಲಿನ ಬಟ್ಟೆಚೀಲ ಹೋಟೆಲ್ ತಲುಪುವಷ್ಟರಲ್ಲಿ ನೆನೆದು ಹಪ್ಪಳದಂತೆ ಸೆಟೆದಿರುತ್ತದೆ. ಹಿಮಪಾತದ ಏರ್‌ಬ್ಯಾಗ್ ಇರುವ ಬೆನ್ನುಚೀಲ ತರುವವರು ಅದರ ಗ್ಯಾಸ್ ಸಿಲಿಂಡರಿಗೆ ವಿಮಾನ ಕಂಪನಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ವಿದೇಶದಿಂದ ಬರುವವರು ಉಪಗ್ರಹ ಫೋನ್, ಉಪಗ್ರಹ ಸಂದೇಶದ ಸಾಧನ ತರಲೇಬೇಡಿ. ಪರವಾನಗಿಯಿಲ್ಲದೆ ಅವು ಭಾರತದಲ್ಲಿ ಕಾನೂನುಬಾಹಿರ, ಅದೂ ವಾಯುಪಡೆಯ ನೆಲೆಯಾಗಿರುವ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಸ್ಕೀ ಮಾತು ಆಮೇಲೆ.

ಟಂಗ್‌ಮಾರ್ಗ್‌ನಲ್ಲಿ ಗಾಡಿ ನಿಂತ ಕೂಡಲೇ ಗಮ್‌ಬೂಟು, ಉದ್ದ ಕೋಟು ಬಾಡಿಗೆ ಕೊಡುವವರು ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ಮೇಲೆ ಸಿಗುವುದೇ ಇಲ್ಲ ಎನ್ನುತ್ತಾರೆ, ಸಿಗುತ್ತದೆ. ಆ ಗಮ್‌ಬೂಟು ಹಿಮದಲ್ಲಿ ನಡೆಯಲಷ್ಟೇ, ಸ್ಕೀಗೆ ಬೇರೆಯೇ ಬೂಟು ಬೇಕು. ಕಾಲಿಗೆ ನೀರು ಇಳಿಯದ ಟ್ರೆಕಿಂಗ್ ಶೂ ಇದ್ದವರು ನಯವಾಗಿ ಬೇಡ ಎಂದು ಹೇಳಿ ಮುಂದೆ ಹೋಗಬಹುದು. ಚಾಲಕನಿಗೆ ಅಂಗಡಿಯಿಂದ ಕಮಿಷನ್ ಬರುವುದು ಗುಟ್ಟೇನಲ್ಲ. ನಿಲ್ಲಿಸಬೇಡಿ ಎಂದು ಮಾಗಾಮ್‌ನಲ್ಲೇ ಹೇಳಿಟ್ಟರೆ ಮುಖ ಮುರಿಯುವ ಪ್ರಸಂಗ ಬರುವುದಿಲ್ಲ. ನಿಲ್ಲಲೇಬೇಕು ಎನಿಸಿದರೆ ಬೇಕರಿಯವನ ಹತ್ತಿರ ನಿಲ್ಲಿಸಿ. ಬಿಸಿ ಗಿರ್ದಾ ರೊಟ್ಟಿ, ಜೊತೆಗೆ ನಸುಗೆಂಪಿನ ಉಪ್ಪು ಚಹಾ. ನಮ್ಮ ನಾಲಿಗೆಗೆ ಮೊದಲ ಗುಟುಕು ವಿಚಿತ್ರ, ಮೂರನೆಯದು ಹಿತ.

ಗುಲ್ಮಾರ್ಗ್ ತಲುಪಿದಿರಿ ಎಂದರೆ ಹೋಟೆಲ್ ತಲುಪಿದಿರಿ ಎಂದಲ್ಲ. ಭಾರಿ ಹಿಮದ ದಿನ ಟ್ಯಾಕ್ಸಿ ಸ್ಟ್ಯಾಂಡಿನ ಆಚೆಗೆ ಒಳರಸ್ತೆಗಳು ತೆರವಾಗಿರುವುದಿಲ್ಲ. ಅಲ್ಲಿಂದ ಗೊಂಡೋಲಾ ನಿಲ್ದಾಣವೇ ಸುಮಾರು ಒಂದು ಕಿಲೋಮೀಟರ್, ಕೆಲವು ಹೋಟೆಲುಗಳು ಅದಕ್ಕಿಂತ ದೂರ. ಸಾಮಾನು ಸ್ಲೆಜ್ ಎಂಬ ಮರದ ಹಲಗೆಬಂಡಿಯ ಮೇಲೆ ಹೋಗುತ್ತದೆ, ಎಳೆಯುವವನಿಗೆ ಬೇರೆ ಕೂಲಿ. ಚಕ್ರದ ಸೂಟ್‌ಕೇಸ್ ಅಲ್ಲಿ ಬರೀ ಭಾರದ ಪೆಟ್ಟಿಗೆ. ಹೋಟೆಲಿಗೆ ಟಂಗ್‌ಮಾರ್ಗ್‌ನಿಂದಲೇ ಫೋನ್ ಮಾಡಿ, ಆಳು ಕಳಿಸುತ್ತೀರಾ ಎಂದು ಕೇಳಿ.

ವಾಪಸ್ ಬರುವಾಗ

ಹೋಗುವಾಗಿನ ಗಾಡಿಗಿಂತ ಬರುವಾಗಿನದನ್ನು ಹೆಚ್ಚು ಎಚ್ಚರದಿಂದ ಗೊತ್ತು ಮಾಡಬೇಕು, ಯಾಕೆಂದರೆ ತಡವಾದರೆ ಕಾಯುವವರಿಲ್ಲ. ಶ್ರೀನಗರ ನಿಲ್ದಾಣದ ತಪಾಸಣೆ ಬೇರೆ ಊರುಗಳ ಹಾಗಲ್ಲ. ಟರ್ಮಿನಲ್‌ಗೆ ಇನ್ನೂ ದೂರವಿರುವಾಗಲೇ ಡ್ರಾಪ್ ಗೇಟಿನಲ್ಲಿ ಎಲ್ಲರೂ ಇಳಿದು, ಎಲ್ಲ ಸಾಮಾನನ್ನೂ ಎಕ್ಸ್‌ರೇ ಯಂತ್ರಕ್ಕೆ ಹಾಕಿ, ಮತ್ತೆ ಗಾಡಿಗೆ ತುಂಬಿ ಮುಂದೆ ಹೋಗಬೇಕು. ಆಮೇಲೆ ಟರ್ಮಿನಲ್‌ನೊಳಗೆ ಮತ್ತೆ ತಪಾಸಣೆ, ವಿಮಾನದ ಮೆಟ್ಟಿಲ ಬಳಿ ಇನ್ನೊಮ್ಮೆ. ಮಾಡಿನ ಮೇಲೆ ಸ್ಕೀ ಕಟ್ಟಿಸಿಕೊಂಡು ಬಂದವರು ಈ ಗೇಟಿನಲ್ಲಿ, ಹಿಂದೆ ಸಾಲಾಗಿ ನಿಂತ ಗಾಡಿಗಳು ಹಾರ್ನ್ ಬಾರಿಸುತ್ತಿರುವಾಗ, ಹೆಪ್ಪುಗಟ್ಟಿದ ಹಗ್ಗದ ಗಂಟು ಬಿಚ್ಚುತ್ತಿರುತ್ತಾರೆ. ವಾಪಸ್ ದಾರಿಗೆ ಒಂದು ಗಾತ್ರ ದೊಡ್ಡ ಗಾಡಿ ಹಿಡಿದು ಎಲ್ಲವನ್ನೂ ಒಳಗೇ ಇಡಿ.

ವಿಮಾನಕ್ಕೆ ಮೂರು ಗಂಟೆ ಮೊದಲು ಆ ಗೇಟಿನಲ್ಲಿರಬೇಕು. ಎರಡು ಗಂಟೆಯ ವಿಮಾನಕ್ಕೆ ಗುಲ್ಮಾರ್ಗ್‌ನಿಂದ ಏಳೂವರೆಗೆ ಹೊರಟರೆ ಸರಿ. ಹನ್ನೆರಡರೊಳಗಿನ ವಿಮಾನವಾದರೆ ಹಿಂದಿನ ಮಧ್ಯಾಹ್ನವೇ ಇಳಿದು ಶ್ರೀನಗರದಲ್ಲಿ ಮಲಗಿ. ಬೆಳಗಿನ ಗಾಡಿಗೆ ಹಿಂದಿನ ಸಂಜೆಯೇ ಹೇಳಿರಬೇಕು. ಟಂಗ್‌ಮಾರ್ಗ್‌ನಿಂದ ಬರುವವನಾದರೆ ಅವನು ಮೊದಲು ಆ ಮಂಜುಗಡ್ಡೆಯನ್ನು ಹತ್ತಿ ಬರಬೇಕು. ರಾತ್ರಿ ಮೇಲೇ ನಿಲ್ಲಿಸಿದ ಗಾಡಿ ಮಾತ್ರ ವಾಸಿ. ಅಂಥ ಚಾಲಕರು ರಾತ್ರಿ ವೈಪರ್ ಎತ್ತಿ ನಿಲ್ಲಿಸಿರುತ್ತಾರೆ, ಇಲ್ಲದಿದ್ದರೆ ರಬ್ಬರು ಗಾಜಿಗೆ ಅಂಟಿ ಕಿತ್ತು ಬರುತ್ತದೆ. ಉಪಕಾರ ಮಾಡಲೆಂದು ಹೋಟೆಲಿನಿಂದ ಬಿಸಿನೀರು ತಂದು ಗಾಜಿಗೆ ಸುರಿಯಬೇಡಿ, ಸೀಳು ಬಿಡುತ್ತದೆ. ಎಂಜಿನ್ ಬೆಚ್ಚಗಾಗಿ ಹೊರಡಲು ಅವನಿಗೆ ಹದಿನೈದು-ಇಪ್ಪತ್ತು ನಿಮಿಷ ಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹಿಮ ಸುರಿಯುತ್ತಿದ್ದರೆ ಟಂಗ್‌ಮಾರ್ಗ್‌ಗೆ ಇಳಿದ ಮೇಲೆ ಒಮ್ಮೆ ವಿಮಾನದ ಸ್ಥಿತಿ ನೋಡಿ. ರದ್ದಾಗಿದ್ದರೂ ಮತ್ತೆ ಮೇಲೆ ಹತ್ತಬೇಡಿ, ಶ್ರೀನಗರಕ್ಕೇ ಹೋಗಿ. ಮರುದಿನ ಮೊದಲು ಬಿಡುವ ವಿಮಾನಕ್ಕೆ ಹತ್ತಿರವಿದ್ದವರಿಗೇ ಅನುಕೂಲ. 2025ರ ಜೂನ್‌ನಿಂದ ಇನ್ನೊಂದು ದಾರಿಯೂ ತೆರೆದಿದೆ: ಶ್ರೀನಗರ-ಕಟ್ರಾ ವಂದೇ ಭಾರತ್ ರೈಲು, ಸುಮಾರು ಮೂರು ಗಂಟೆಯ ಪ್ರಯಾಣ, ಚಳಿಗೆಂದೇ ಬೋಗಿಗಳಲ್ಲಿ ಹೀಟರ್. ಕಟ್ರಾದಿಂದ ಜಮ್ಮು ವಿಮಾನ ನಿಲ್ದಾಣ ಐವತ್ತು ಕಿಲೋಮೀಟರಿನ ಆಸುಪಾಸು. ವಿಮಾನಗಳು ಒಟ್ಟಿಗೆ ರದ್ದಾದ ದಿನ ಆ ರೈಲಿನ ಸೀಟುಗಳು ಬೇಗ ಖಾಲಿಯಾಗುತ್ತವೆ, ಹಾಗಾಗಿ ಟಂಗ್‌ಮಾರ್ಗ್‌ನಲ್ಲಿ ಚೈನ್ ಬಿಚ್ಚುತ್ತಿರುವಾಗಲೇ ಟಿಕೆಟ್ ನೋಡಿಬಿಡಿ.